ಉಳಿದ ಬಟ್ಟೆ ಉಡುಪಿನ ಒಳಗೇ ಇರಲಿ

ಫ್ಯಾಷನ್ ಡಿಸೈನ್ ಕೋರ್ಸಿನ ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಸ್ವಂತ ಪ್ರಾಜೆಕ್ಟ್ ಮಾಡಬೇಕು. ವಿನ್ಯಾಸ, ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬೇಕಾದ ತುಂಡುಗಳ ಅಳತೆ ನಕ್ಷೆ), ಕಟಿಂಗ್, ಹೊಲಿಗೆ ಎಲ್ಲ ನಮ್ಮದೇ. ಹೆಚ್ಚಿನವರು ಐದಾರು ಉಡುಪುಗಳ ಸಂಗ್ರಹ ಮಾಡುತ್ತಾರೆ. ನಾನು ಒಂದೇ ಒಂದು ಜಾಕೆಟ್ ಮಾಡುತ್ತೇನೆ ಅಂತ ಕೇಳಿದೆ. ಕತ್ತರಿಸುವಾಗ ಚೂರು ಉಳಿಯಬಾರದು. ಹಾಕಿಕೊಳ್ಳುವವರು ದಪ್ಪವಾದರೂ ತೆಳ್ಳಗಾದರೂ ಬಿಚ್ಚಿ ಹೊಲಿಯಲು ಬರಬೇಕು. ಕಡೆಗೆ ಪೂರ್ತಿ ಹರಿದು ಹೋದಾಗ ಅದರಲ್ಲಿ ಒಂದೇ ಬಗೆಯ ನಾರು ಇರಬೇಕು. ಈ ಮೂರೂ ಒಂದೇ ಜಾಕೆಟ್‌ನಲ್ಲಿ ಸಾಧ್ಯವಾ ಅನ್ನೋದೇ ನನ್ನ ಪ್ರಶ್ನೆ. ಮೇಡಂ ಸ್ವಲ್ಪ ಯೋಚಿಸಿ ಒಪ್ಪಿದರು.

ಈ ಪ್ರಶ್ನೆ ಹುಟ್ಟಿದ್ದು ಇಂಟರ್ನ್‌ಶಿಪ್‌ನಲ್ಲಿ. ಒಂದು ದೊಡ್ಡ ಗಾರ್ಮೆಂಟ್ ಕಂಪನಿಯ ಪ್ಯಾಟರ್ನ್ ವಿಭಾಗದಲ್ಲಿ ಕೂತಿದ್ದೆ. ಅಲ್ಲಿ ಮಾರ್ಕರ್ ಮಾಡುವುದು ಅಂತ ಒಂದು ಕೆಲಸವಿದೆ. ಬಟ್ಟೆಯ ಅಗಲದೊಳಗೆ ಕಾಲರ್, ತೋಳು, ಮುಂಭಾಗ, ಹಿಂಭಾಗ ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಒತ್ತೊತ್ತಾಗಿ ಜೋಡಿಸುವುದು. ಎಷ್ಟು ಚೆನ್ನಾಗಿ ಜೋಡಿಸಿದರೂ ತಿರುವುಗಳ ನಡುವೆ ಜಾಗ ಉಳಿಯುತ್ತದೆ. ಸಾಮಾನ್ಯವಾಗಿ ಸುಮಾರು 15% ಬಟ್ಟೆ ಉಡುಪಾಗದೆ ಚೂರಾಗಿಯೇ ನೆಲಕ್ಕೆ ಬೀಳುತ್ತದೆ. ಹತ್ತಿ ಬೆಳೆದು, ನೂಲು ತೆಗೆದು, ನೇಯ್ದು, ಬಣ್ಣ ಹಾಕಿ, ಇಷ್ಟೆಲ್ಲ ಆದ ಮೇಲೆ ಬೀಳುವ ಚೂರು ಅದು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಒಂದು ಶರ್ಟಿನ ಪ್ಯಾಟರ್ನ್‌ನಲ್ಲಿ ಬಟ್ಟೆ ಉಳಿಸಬೇಕು ಅಂತ ಮೇಲಿನಿಂದ ಸೂಚನೆ ಬಂತು. ಪಕ್ಕದ ಹೊಲಿಗೆಯ ಮಾರ್ಜಿನ್ ಅನ್ನು, ಅಂದರೆ ಹೊಲಿಗೆಯ ಗೆರೆಯಾಚೆ ಒಳಗೆ ಬಿಡುವ ಬಟ್ಟೆಯನ್ನು, ಒಂದೂವರೆ ಸೆಂಟಿಮೀಟರ್‌ನಿಂದ ಒಂದಕ್ಕೆ ಇಳಿಸಿದರು. ಸಾವಿರಗಟ್ಟಲೆ ಶರ್ಟುಗಳಲ್ಲಿ ಅದು ದೊಡ್ಡ ಉಳಿತಾಯವೇ. ಮೊದಲ ನೋಟಕ್ಕೆ ಪರಿಸರಕ್ಕೂ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಆ ಶರ್ಟು ಬಿಗಿಯಾದ ದಿನ ಅದನ್ನು ಬಿಚ್ಚಿ ಅಗಲ ಮಾಡುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ. ಅಂಚನ್ನು ಓವರ್‌ಲಾಕ್ ಯಂತ್ರ ಕತ್ತರಿಸಿಕೊಂಡೇ ಹೊಲಿದಿರುತ್ತದೆ. ಒಳಗೆ ಹಿಡಿಯಲು ಏನೂ ಇರುವುದಿಲ್ಲ. ಅಂದರೆ ಕಟಿಂಗ್ ಟೇಬಲ್ ಮೇಲೆ ಬಟ್ಟೆ ಉಳಿಯಿತು, ಉಡುಪಿನ ಆಯಸ್ಸು ಕಡಿಮೆಯಾಯಿತು. ಅದೇ ಕೋಣೆಯಲ್ಲಿ 15% ಚೂರು ಚೀಲಕ್ಕೆ ಹೋಗುತ್ತಿತ್ತು. ಆ ಚೂರಾಗುವ ಬಟ್ಟೆಯೇ ಮಾರ್ಜಿನ್ ಆಗಿ ಉಡುಪಿನ ಒಳಗೆ ಉಳಿದರೆ? ನನ್ನ ಇಡೀ ಪ್ರಾಜೆಕ್ಟ್ ನಿಂತಿರುವುದು ಈ ಒಂದು ಯೋಚನೆಯ ಮೇಲೆ.

ಮೊದಲು ಬಟ್ಟೆ ಹುಡುಕಬೇಕಿತ್ತು. ಹೊಸದಾಗಿ ನೇಯಿಸುವುದು ಬೇಡ, ಆರ್ಡರ್ ರದ್ದಾಗಿ ಗೋದಾಮಿನಲ್ಲಿ ಬಿದ್ದಿರುವ ಥಾನು ಸಾಕು ಅಂದುಕೊಂಡೆ. ಇಂಥ ಬಟ್ಟೆಯ ತೊಂದರೆ ಅಂದರೆ ಅದರ ಜಾತಕ ಸಿಗುವುದಿಲ್ಲ. ಮೇಲೆ "ಕಾಟನ್" ಅಂತ ಬರೆದ ಚೀಟಿ ಇರುತ್ತದೆ, ಅಷ್ಟೇ. ಹಾಗಾಗಿ ಲ್ಯಾಬಿನಲ್ಲಿ ಸುಟ್ಟು ನೋಡಬೇಕು. ಬಟ್ಟೆಯಿಂದ ಉದ್ದಕ್ಕೆ ಓಡುವ ಹಾಸಿನ ಎಳೆ ಬೇರೆ, ಅಡ್ಡಕ್ಕೆ ಓಡುವ ಹೊಕ್ಕಿನ ಎಳೆ ಬೇರೆ ಬಿಡಿಸಿ, ಚಿಮಟದಲ್ಲಿ ಹಿಡಿದು ಉರಿಗೆ ತಾಗಿಸುವುದು. ಹತ್ತಿಯಾದರೆ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಉಣ್ಣೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಉರಿಯಿಂದ ಹಿಂದೆ ಸರಿಯುತ್ತಾ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ನನಗೆ ತುಂಬ ಇಷ್ಟವಾದ ಒಂದು ಬೂದು ಬಣ್ಣದ ಥಾನು ಇತ್ತು. ಹಾಸಿನ ಎಳೆ ಬೂದಿಯಾಯಿತು, ಹೊಕ್ಕಿನ ಎಳೆ ಬೆರಳಿಗೆ ಗಟ್ಟಿಗಟ್ಟಿ ಸಿಕ್ಕಿತು. ಮಿಶ್ರಣ. ಬೇಜಾರಾದರೂ ಅದನ್ನು ಬಿಟ್ಟೆ. ಕೊನೆಗೆ ಸಿಕ್ಕಿದ್ದು ಬಣ್ಣವನ್ನೇ ಹಾಕದ, ದಪ್ಪನೆಯ ಟ್ವಿಲ್ ನೇಯ್ಗೆಯ (ಜೀನ್ಸ್‌ನಲ್ಲಿರುವಂತೆ ಓರೆ ಗೆರೆ ಕಾಣುವ) ಪೂರ್ತಿ ಹತ್ತಿ ಬಟ್ಟೆ. 150 ಸೆಂ.ಮೀ. ಅಗಲ.

ಮಿಶ್ರಣಕ್ಕೆ ಯಾಕೆ ಇಷ್ಟು ಹೆದರಿಕೆ ಅಂತ ನನ್ನ ಗೆಳತಿ ಕೇಳಿದ್ದಳು. ಹಾಕಿಕೊಳ್ಳಲು ಮಿಶ್ರಣ ಚೆನ್ನಾಗಿಯೇ ಇರುತ್ತದೆ. ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ. ತೊಂದರೆ ಬರುವುದು ಕೊನೆಯಲ್ಲಿ. ಒಂದೇ ನೂಲಿನೊಳಗೆ ಹತ್ತಿಯೂ ಪಾಲಿಯೆಸ್ಟರೂ ಸುತ್ತಿಕೊಂಡಿದ್ದರೆ ಅವನ್ನು ಬೇರೆ ಮಾಡುವುದು ಬಲು ಕಷ್ಟ. ಪೂರ್ತಿ ಹತ್ತಿಯನ್ನೂ ಯಂತ್ರದಲ್ಲಿ ಸೀಳಿ ನಾರು ಮಾಡಿದರೆ ಎಳೆ ಗಿಡ್ಡವಾಗುತ್ತದೆ, ಅದರ ಜೊತೆ ಹೊಸ ನಾರು ಸೇರಿಸದೆ ಗಟ್ಟಿ ನೂಲು ಬರುವುದಿಲ್ಲ. ವಸ್ತುಗಳ ಮರುಬಳಕೆಗಾಗಿ ಕೆಲಸ ಮಾಡುವ ಎಲೆನ್ ಮ್ಯಾಕಾರ್ಥರ್ ಫೌಂಡೇಶನ್ 2017ರಲ್ಲಿ ಹೊರತಂದ ವರದಿಯ ಪ್ರಕಾರ ಬಟ್ಟೆಗೆ ಬಳಸುವ ಕಚ್ಚಾವಸ್ತುವಿನಲ್ಲಿ ಮತ್ತೆ ಬಟ್ಟೆಯಾಗಿ ಬರುವುದು 1%ಕ್ಕಿಂತ ಕಡಿಮೆ. ಮರುಬಳಕೆಯ ಪಾಲಿಯೆಸ್ಟರ್ ಅಂತ ಚೀಟಿ ಅಂಟಿಸಿರುವುದರಲ್ಲಿ ಹೆಚ್ಚಿನದು ಹಳೆಯ ಬಟ್ಟೆಯಿಂದ ಬಂದದ್ದಲ್ಲ, ಪ್ಲಾಸ್ಟಿಕ್ ಬಾಟಲಿಯಿಂದ ಬಂದದ್ದು. ಹಾಗಾಗಿ ರೀಸೈಕಲ್ ಮಾಡಬಹುದು ಅನ್ನುವ ಧೈರ್ಯದ ಮೇಲೆ ಬಟ್ಟೆ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದು ಕಡೆಯ ದಾರಿ. ಅದಕ್ಕೂ ಮೊದಲು ಆ ಬಟ್ಟೆ ವರ್ಷಗಟ್ಟಲೆ ಮೈಮೇಲೆ ಇರಬೇಕು.

ಹತ್ತಿಯೂ ಏನು ಹಗುರವಾದ ಬೆಳೆಯಲ್ಲ. ಒಂದು ಟಿ-ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕು ಎಂಬ ಲೆಕ್ಕವನ್ನು ಎಲ್ಲ ಕಡೆ ಓದುತ್ತೇವೆ. ಅದು ಸರಾಸರಿ ಅನ್ನೋದು ನೆನಪಿರಬೇಕು. ಮಳೆಗೆ ಬೆಳೆದ ಹತ್ತಿಗೂ ಕಾಲುವೆ ನೀರಿನ ಹತ್ತಿಗೂ ಅಜಗಜಾಂತರ. ಕಾಲುವೆ ಮಿತಿಮೀರಿದರೆ ಏನಾಗುತ್ತದೆ ಅನ್ನುವುದಕ್ಕೆ ಮಧ್ಯ ಏಷ್ಯಾದ ಅರಲ್ ಸಮುದ್ರ ಸಾಕು. 1960ರ ದಶಕದಿಂದ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಮುಖ್ಯವಾಗಿ ಹತ್ತಿ ಹೊಲಗಳಿಗೆ ತಿರುಗಿಸಿದರು. ಸಮುದ್ರದಂತಿದ್ದ ಆ ಸರೋವರ ಬಹುಪಾಲು ಬತ್ತಿಹೋಯಿತು. ಯಾವ ನಾರೂ ಪೂರ್ತಿ ಒಳ್ಳೆಯದಲ್ಲ. ಇದನ್ನು ಒಪ್ಪಿಕೊಂಡ ಮೇಲೆ ನನಗೆ ಉಳಿದ ಪ್ರಶ್ನೆ ಇಷ್ಟೇ: ಇಷ್ಟೆಲ್ಲ ನೀರು ಕುಡಿದು ಬಂದ ಈ ಬಟ್ಟೆಯನ್ನು ನಾನು ಎಷ್ಟು ಕಾಲ ಬಾಳಿಸಬಲ್ಲೆ?

ಇನ್ನು ಪ್ಯಾಟರ್ನ್. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಕಾಲ ಕಳೆದದ್ದು ಇಲ್ಲಿಯೇ. ಸಾಮಾನ್ಯವಾಗಿ ಮೊದಲು ಚಿತ್ರ ಬರೆದು, ಅದಕ್ಕೆ ತಕ್ಕ ಪ್ಯಾಟರ್ನ್ ಮಾಡಿ, ಆಮೇಲೆ ಅದನ್ನು ಬಟ್ಟೆಯ ಮೇಲೆ ಇಡುತ್ತೇವೆ. ಚೂರು ಉಳಿಸದ ಕಟಿಂಗ್‌ನಲ್ಲಿ ಇದು ತಲೆಕೆಳಗು. ಬಟ್ಟೆಯ ಅಗಲದಿಂದ ಶುರುಮಾಡಬೇಕು. ಹೊಸ ವಿಚಾರವೇನಲ್ಲ ಇದು. ಜಪಾನಿನ ಕಿಮೋನೊ ಕಿರಿದಾದ ಒಂದೇ ಥಾನಿನಿಂದ, ನೇರ ಗೆರೆಯ ತುಂಡುಗಳಿಂದ ಆಗುತ್ತದೆ. ಅದನ್ನು ಪೂರ್ತಿ ಬಿಚ್ಚಿ, ಒಗೆದು, ಮತ್ತೆ ಹೊಲಿಯುವ ರೂಢಿಯೂ ಇತ್ತು. ಇತ್ತೀಚಿನ ವಿನ್ಯಾಸಕರಲ್ಲಿ ಟಿಮೊ ರಿಸ್ಸಾನೆನ್ ಮತ್ತು ಹಾಲಿ ಮೆಕ್‌ಕ್ವಿಲನ್ ಈ ಬಗೆಯ ಕಟಿಂಗ್ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಅವರ ಪ್ಯಾಟರ್ನ್ ಚಿತ್ರಗಳನ್ನು ನೋಡುತ್ತಾ ನೋಡುತ್ತಾ ನನಗೆ ಧೈರ್ಯ ಬಂತು.

ನಾನು ಎದೆಯ ಸುತ್ತಳತೆ 112 ಸೆಂ.ಮೀ. ಬರುವ ಹಾಗೆ ಲೆಕ್ಕ ಹಾಕಿದೆ. ಹಿಂಭಾಗಕ್ಕೆ ಎರಡು, ಮುಂಭಾಗಕ್ಕೆ ಎರಡು ತುಂಡು. ಒಂದೊಂದೂ 28 ಸೆಂ.ಮೀ. ಅಗಲ, ಎರಡೂ ಬದಿಗೆ 3 ಸೆಂ.ಮೀ. ಸೇರಿಸಿದರೆ 34. ನಾಲ್ಕೂ ಸೇರಿ 136. ಬಟ್ಟೆಯ ಅಗಲದಲ್ಲಿ ಇನ್ನು 14 ಸೆಂ.ಮೀ. ಪಟ್ಟಿ ಉಳಿಯಿತು. ಅದರಲ್ಲಿ ಕಂಕುಳಿಗೆ ಇಡುವ ಚೌಕಗಳು, ಜೇಬಿನ ಬಾಯಿಯ ಪಟ್ಟಿ ಬಂದವು. ತೋಳುಗಳನ್ನು ನೇರ ಆಯತಗಳಾಗಿ ಕತ್ತರಿಸಿದೆ. ಅವುಗಳ ಪಕ್ಕದಲ್ಲಿ ಉಳಿದ ಜಾಗ ಕಾಲರ್‌ಗೆ, ಜೇಬುಗಳಿಗೆ ಹೋಯಿತು. ಕಂಕುಳಲ್ಲಿ ಚೌಕ ತುಂಡು ಇಟ್ಟರೆ ತೋಳಿಗೆ ಗುಂಡಗಿನ ತಿರುವು ಬೇಕಾಗುವುದಿಲ್ಲ, ಕೈ ಎತ್ತಿದರೂ ಎಳೆಯುವುದಿಲ್ಲ. ಇಡೀ ಜಾಕೆಟ್‌ನಲ್ಲಿ ತಿರುವು ಅಂತ ಇದ್ದದ್ದು ಕುತ್ತಿಗೆಗೆ ಮಾತ್ರ. ಅಲ್ಲಿಂದ ಬಂದ ಅರ್ಧಚಂದ್ರದ ತುಂಡುಗಳನ್ನು ಜೇಬಿನ ಮೂಲೆಗಳ ಹಿಂದೆ ಬಲಕ್ಕೆ ಕೊಟ್ಟೆ. ಜಾಕೆಟ್ ಮೊದಲು ಹರಿಯುವ ಜಾಗ ಅದೇ ಅಲ್ವಾ.

ತಿರುವು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ನನಗೆ ಹೇಳಿಕೊಟ್ಟವರು ನಮ್ಮ ಹೊಲಿಗೆ ಲ್ಯಾಬಿನ ಅಕ್ಕ. ಕಾಲೇಜಿಗೆ ಬರುವ ಮೊದಲು ಅವರು ಬಹಳ ವರ್ಷ ಫ್ಯಾಕ್ಟರಿಯಲ್ಲಿ ಹೊಲಿದವರು. ನನ್ನ ಪೇಪರ್ ಪ್ಯಾಟರ್ನ್ ಮೇಲೆ ಬೆರಳಾಡಿಸಿ ಅಂದರು: "ನೋಡು ಪುಟ್ಟಾ, ನೇರ ಗೆರೆಯಲ್ಲಿ ಎಷ್ಟು ಮಾರ್ಜಿನ್ ಬಿಟ್ಟರೂ ಒಳಗೆ ತೆಪ್ಪಗೆ ಕೂರುತ್ತೆ. ತಿರುವಿನಲ್ಲಿ ಬಿಟ್ಟರೆ ಎಳೆಯುತ್ತೆ. ಆಗ ಅದಕ್ಕೆ ಕತ್ತರಿ ಹಾಕಲೇಬೇಕು. ಕತ್ತರಿ ಹಾಕಿದ ಮಾರ್ಜಿನ್ ಮುಂದೆ ಬಿಚ್ಚೋಕೆ ಬರಲ್ಲ." ಪುಸ್ತಕದಲ್ಲಿ ನಾನು ಎಲ್ಲಿಯೂ ಇದನ್ನು ಹೀಗೆ ಓದಿರಲಿಲ್ಲ. ಚೂರು ಉಳಿಸದ ಕಟಿಂಗ್‌ಗೂ ನೇರ ಗೆರೆ ಬೇಕು, ಬಿಚ್ಚಿ ಹೊಲಿಯುವುದಕ್ಕೂ ನೇರ ಗೆರೆ ಬೇಕು. ನನ್ನ ಎರಡು ಆಸೆಗಳು ಒಂದೇ ಕಡೆ ಬಂದು ಸೇರಿದ್ದು ಆ ಮಾತಿನಿಂದ.

ಮೂರು ಸೆಂಟಿಮೀಟರ್ ಮಾರ್ಜಿನ್ ಎಷ್ಟು ಕೊಡುತ್ತದೆ ಗೊತ್ತಾ? ಬಿಚ್ಚಿದ ಮೇಲೂ ಒಂದು ಸೆಂ.ಮೀ. ಒಳಗೆ ಇರಲೇಬೇಕು. ಹಾಗಾಗಿ ಪ್ರತಿ ಅಂಚಿನಿಂದ ಎರಡು ಸಿಗುತ್ತದೆ. ಒಂದು ಪಕ್ಕದ ಹೊಲಿಗೆಯಲ್ಲಿ ಎರಡು ಅಂಚು, ಅಂದರೆ ನಾಲ್ಕು. ಎರಡು ಪಕ್ಕಕ್ಕೆ ಎಂಟು. ಬೆನ್ನಿನ ನಡುವಿನ ಹೊಲಿಗೆಯಿಂದ ಇನ್ನೂ ನಾಲ್ಕು. ಒಟ್ಟು 12 ಸೆಂ.ಮೀ. ಅಂಗಡಿಯ ಲೆಕ್ಕದಲ್ಲಿ ಒಂದು ಸೈಜಿಗಿಂತ ಜಾಸ್ತಿಯೇ. ಮೈ ಬದಲಾಯಿತು ಅಂತ ಬಟ್ಟೆ ಬದಲಾಯಿಸುವ ಅಗತ್ಯ ಎಷ್ಟು ಸಲ ತಪ್ಪುತ್ತದೆ ಯೋಚಿಸಿ. ಹೆರಿಗೆಯಾದ ಮೇಲೆ, ಕಾಯಿಲೆಯಿಂದ ಎದ್ದ ಮೇಲೆ, ವಯಸ್ಸಾಗುತ್ತಾ ಮೈ ಬದಲಾಗುವುದು ಸಹಜ. ಆದರೆ ಇವತ್ತಿನ ಬಟ್ಟೆ ಮೈಯನ್ನೇ ತಪ್ಪು ಮಾಡಿಬಿಡುತ್ತದೆ. ಇದು ನನಗೆ ಬರೀ ಪರಿಸರದ ವಿಷಯವಲ್ಲ. ಹಾಕಿಕೊಳ್ಳುವವರಿಗೆ ಕೊಡುವ ಮರ್ಯಾದೆಯ ವಿಷಯ.

ಬಿಚ್ಚಿದ ಮೇಲೆ ಹಳೆಯ ಮಡಿಕೆಯ ಗೆರೆ ಕಾಣುತ್ತದೆ ಅನ್ನುವುದು ಹಳೆಯ ದೂರು. ಸೂಜಿಯ ತೂತುಗಳು ಹತ್ತಿಯಲ್ಲಿ ಒದ್ದೆ ಮಾಡಿ ಇಸ್ತ್ರಿ ಹೊಡೆದರೆ ಹೆಚ್ಚುಕಮ್ಮಿ ಮುಚ್ಚಿಕೊಳ್ಳುತ್ತವೆ. ಬಣ್ಣದ ಬಟ್ಟೆಯ ತೊಂದರೆ ಬೇರೆ. ಹೊರಗಿನದು ಬಿಸಿಲಿಗೆ ಮಾಸಿರುತ್ತದೆ, ಒಳಗಿನದು ಹೊಸದರಂತೆ ಇರುತ್ತದೆ. ಬಣ್ಣ ಹಾಕದ ಬಟ್ಟೆಯನ್ನು ಹಿಡಿದದ್ದು ಇಲ್ಲಿ ಕೈಹಿಡಿಯಿತು. ವ್ಯತ್ಯಾಸ ಇದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ಮುಂದೆ ಬೇಕೆನಿಸಿದರೆ ಇಡೀ ಜಾಕೆಟ್ ಅನ್ನೇ ಬಣ್ಣಕ್ಕೆ ಅದ್ದಬಹುದು.

ಆ ಮಾತಿಗೆ ದಾರದ ಆಯ್ಕೆ ಅಂಟಿಕೊಂಡಿದೆ. ಲ್ಯಾಬಿನಲ್ಲಿ ಸಿಗುವುದು ಪಾಲಿಯೆಸ್ಟರ್ ದಾರ. ಗಟ್ಟಿ, ಅಗ್ಗ, ಯಂತ್ರ ಎಷ್ಟು ಜೋರಾಗಿ ಓಡಿದರೂ ತುಂಡಾಗುವುದಿಲ್ಲ. ಆದರೆ ಹತ್ತಿಗೆ ಹಾಕುವ ಬಣ್ಣ ಪಾಲಿಯೆಸ್ಟರ್‌ಗೆ ಹತ್ತುವುದಿಲ್ಲ. ನೀಲಿಗೆ ಅದ್ದಿದ ಜಾಕೆಟ್ ಮೇಲೆ ಹೊಲಿಗೆಯೆಲ್ಲ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ನಾನು ಹತ್ತಿ ದಾರವನ್ನೇ ಹಾಕಿದೆ. ಯಂತ್ರದ ವೇಗ ಇಳಿಸಿ, ದಾರದ ಬಿಗಿತ ಸಡಿಲಿಸಿ, ತಾಳ್ಮೆಯಿಂದ ಹೊಲಿಯಬೇಕಾಯಿತು. ಬಿಚ್ಚಬೇಕಾಗಿ ಬರುವ ಗೆರೆಗಳಲ್ಲಿ ಹೊಲಿಗೆಯನ್ನು ಸ್ವಲ್ಪ ಉದ್ದ ಇಟ್ಟೆ, ಹೆಚ್ಚು ಎಳೆತ ಬೀಳುವ ಕಂಕುಳಲ್ಲಿ ಚಿಕ್ಕದು. ಜಿಪ್ ಬೇಡವೆಂದು ಮರದ ಗುಂಡಿ. ಜಿಪ್ ಹಾಳಾದರೆ ಇಡೀ ಮುಂಭಾಗ ಬಿಚ್ಚಬೇಕು, ಗುಂಡಿ ಬಿದ್ದರೆ ಯಾರು ಬೇಕಾದರೂ ಹೊಲಿದುಕೊಳ್ಳಬಹುದು. ಕಾಲರ್ ಗಟ್ಟಿಯಾಗಿ ನಿಲ್ಲಲು ಒಳಗೆ ಅಂಟಿಸುವ ಕಾನ್ವಾಸ್ ಬದಲು ಅದೇ ಬಟ್ಟೆಯ ಇನ್ನೊಂದು ಪದರ.

ಕಾಜಗಳನ್ನು ಕೈಯಲ್ಲೇ ಮಾಡಿದೆ. ಅಕ್ಕ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದರು. ಆ ಹೊತ್ತಿನಲ್ಲಿ ಅವರು ತಮ್ಮ ಫ್ಯಾಕ್ಟರಿ ದಿನಗಳ ಬಗ್ಗೆ ಮಾತಾಡುತ್ತಿದ್ದರು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಮುಗಿಯದಿದ್ದರೆ ಎಲ್ಲರೆದುರು ಬೈಗುಳ, ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕಾಗುತ್ತದೆ ಅಂತ ನೀರನ್ನೇ ಕಡಿಮೆ ಕುಡಿಯುವುದು. ನಾವು ತರಗತಿಯಲ್ಲಿ ರಾಣಾ ಪ್ಲಾಜಾ ಬಗ್ಗೆ ಓದುತ್ತೇವೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ಗಾರ್ಮೆಂಟ್ ಫ್ಯಾಕ್ಟರಿಗಳಿದ್ದ ಆ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಹೊಲಿಯುವವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆದರು. ಅದೇ ವರ್ಷ ಕ್ಯಾರಿ ಸೋಮರ್ಸ್ ಮತ್ತು ಒರ್ಸೋಲಾ ಡಿ ಕ್ಯಾಸ್ಟ್ರೊ ಶುರುಮಾಡಿದ ಫ್ಯಾಷನ್ ರೆವಲ್ಯೂಶನ್ ಚಳವಳಿ "ನನ್ನ ಬಟ್ಟೆ ಮಾಡಿದವರು ಯಾರು?" ಎಂದು ಕೇಳಲು ಹೇಳಿತು. ಆ ಪ್ರಶ್ನೆಗೆ ಉತ್ತರವಾಗಬಲ್ಲವರು ನನ್ನ ಪಕ್ಕದಲ್ಲೇ ಕೂತು ಕಾಜ ಹೇಗೆ ಮಾಡಬೇಕು ಅಂತ ತೋರಿಸುತ್ತಿದ್ದರು. ಹೊಲಿಯುವವರ ಬೆನ್ನು ಮುರಿದು ಮಾಡಿದ ಬಟ್ಟೆ ಸಾವಯವ ಹತ್ತಿಯದಾದರೂ ನಾನು ಅದನ್ನು ಸುಸ್ಥಿರ ಅಂತ ಕರೆಯಲಾರೆ.

ಜಾಕೆಟ್ ಮುಗಿದ ಮೇಲೆ ನನಗೆ ಒಂದು ಪರೀಕ್ಷೆ ಬೇಕಿತ್ತು. ನಾನು ಬಿಚ್ಚಿ ಹೊಲಿಯಬಲ್ಲೆ, ಅದರಲ್ಲೇನೂ ದೊಡ್ಡಸ್ತಿಕೆಯಿಲ್ಲ. ಬೇರೆಯವರು ಮಾಡಬಲ್ಲರೇ? ಮೊದಲ ವರ್ಷದ ಒಬ್ಬ ಹುಡುಗಿಗೆ ಜಾಕೆಟ್ ಮತ್ತು ಹೊಲಿಗೆ ಬಿಚ್ಚುವ ಕೊಕ್ಕೆ ಕೊಟ್ಟೆ. ಒಳಗೆ ಬೆನ್ನಿನ ಮೇಲೆ ಒಂದು ಹತ್ತಿ ಪಟ್ಟಿ ಹೊಲಿದಿದ್ದೆ. ಅದರಲ್ಲಿ ಯಾವ ಹೊಲಿಗೆಯಲ್ಲಿ ಎಷ್ಟು ಬಟ್ಟೆ ಉಳಿದಿದೆ, ಯಾವುದನ್ನು ಮೊದಲು ಬಿಚ್ಚಬೇಕು ಅಂತ ಬರೆದಿತ್ತು. "ಅಕ್ಕಾ, ಏನಾದರೂ ಹರಿದರೆ?" ಅಂತ ಹೆದರಿ ಕೇಳಿದಳು. ಹರಿದರೆ ತೇಪೆ ಹಾಕೋಣ ಬಿಡು ಅಂದೆ. ಒಂದು ಮಧ್ಯಾಹ್ನದೊಳಗೆ ಎರಡೂ ಪಕ್ಕ ಬಿಚ್ಚಿ, ಅಗಲ ಮಾಡಿ, ಹೊಲಿದು, ಇಸ್ತ್ರಿ ಹೊಡೆದು ತಂದಳು. ಕಂಕುಳಿನ ಚೌಕ ಸೇರುವ ಜಾಗದಲ್ಲಿ ಮಾತ್ರ ತುಸು ಸುಕ್ಕು ಬಂದಿತ್ತು. ಚೌಕದ ತುದಿಗೂ ಮಾರ್ಜಿನ್ ಹೆಚ್ಚಿಸಬೇಕು ಅಂತ ಪ್ಯಾಟರ್ನ್ ಮೇಲೆ ಗುರುತು ಹಾಕಿಕೊಂಡೆ. ಅವಳ ಮುಖದಲ್ಲಿ ಇದ್ದ ಖುಷಿಯನ್ನು ನೋಡಿದಾಗ, ಇಡೀ ಪ್ರಾಜೆಕ್ಟ್‌ನಲ್ಲಿ ನಾನು ಮಾಡಿದ ಅತಿ ಮುಖ್ಯ ಕೆಲಸ ಆ ಪಟ್ಟಿಯೇ ಇರಬೇಕು ಅನ್ನಿಸಿತು.

ಪ್ರಾಜೆಕ್ಟ್ ಪರೀಕ್ಷಿಸುವ ಜ್ಯೂರಿಯಲ್ಲಿ ಬಂದ ಮೊದಲ ಪ್ರಶ್ನೆ: "ಇದನ್ನು ಫ್ಯಾಕ್ಟರಿ ಮಾಡುತ್ತದಾ?" ಈಗಿನ ಲೆಕ್ಕದಲ್ಲಿ ಮಾಡುವುದಿಲ್ಲ ಅಂತ ನೇರವಾಗಿ ಹೇಳಿದೆ. ಹತ್ತಿ ದಾರ ನಿಧಾನ, ಕೈ ಕಾಜ ಇನ್ನೂ ನಿಧಾನ. ಬೇರೆ ಬೇರೆ ಸೈಜು ಮಾಡುವಾಗ ಬಟ್ಟೆಯ ಅಗಲಕ್ಕೆ ಪ್ರತಿಯೊಂದನ್ನೂ ಹೊಸದಾಗಿ ಹೊಂದಿಸಬೇಕು. ಆದರೆ ಒಂದು ಭಾಗವನ್ನು ನಾಳೆಯೇ ಮಾಡಬಹುದು. ಪಕ್ಕದ ನೇರ ಹೊಲಿಗೆಯಲ್ಲಿ ಮಾರ್ಜಿನ್ ಬಿಡುವುದು, ಅದು ಇದೆ ಅಂತ ಒಳಗೆ ಬರೆಯುವುದು. ಒಂದು ಜಾಕೆಟ್ 12 ಸೆಂ.ಮೀ. ಹಿಗ್ಗುವುದಾದರೆ ಅಷ್ಟೊಂದು ಸೈಜುಗಳನ್ನು ಹೊಲಿದು ರಾಶಿ ಹಾಕುವ ಅಗತ್ಯವೂ ತಗ್ಗುತ್ತದೆ. ಮಾರಾಟವಾಗದ ರಾಶಿ ಈಗ ಕಾನೂನಿನ ಪ್ರಶ್ನೆಯೂ ಹೌದು. 2024ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ನಿಯಮ, ಮಾರಾಟವಾಗದ ಬಟ್ಟೆಯನ್ನು ದೊಡ್ಡ ಕಂಪನಿಗಳು ನಾಶಮಾಡುವುದಕ್ಕೆ 2026ರ ಜುಲೈನಿಂದ ತಡೆ ಹಾಕುತ್ತದೆ.

ಇನ್ನೊಬ್ಬರು ಕೇಳಿದರು: "ಅಗ್ಗದ ಬಟ್ಟೆ ಕೊಳ್ಳುವವರಿಗೆ ನೀವು ಏನು ಹೇಳುತ್ತೀರಿ?" ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ ಅಂದೆ. ಕೈಯಲ್ಲಿ ದುಡ್ಡು ಕಡಿಮೆ ಇರುವವರು ಅಗ್ಗದ ಶರ್ಟನ್ನೇ ಕೊಂಡು, ಬಣ್ಣ ಹೋಗುವವರೆಗೆ ಹಾಕಿ, ಆಮೇಲೆ ಒರೆಸುವ ಬಟ್ಟೆ ಮಾಡುತ್ತಾರೆ. ಅವರಿಗೆ ಪಾಠ ಹೇಳುವುದು ಅನ್ಯಾಯ. ಆ 2017ರ ವರದಿಯೇ ಹೇಳುವಂತೆ, ಹದಿನೈದು ವರ್ಷಗಳಲ್ಲಿ ಬಟ್ಟೆಯ ಉತ್ಪಾದನೆ ಸುಮಾರು ಎರಡು ಪಟ್ಟಾಯಿತು, ಒಂದು ಬಟ್ಟೆಯನ್ನು ಬಿಸಾಡುವ ಮೊದಲು ಹಾಕಿಕೊಳ್ಳುವ ಸಲ 36% ಇಳಿಯಿತು. ಒಂದೇ ಶರ್ಟನ್ನು ಸವೆಸುವವರಿಂದ ಈ ಇಳಿಕೆ ಬಂದಿಲ್ಲ. ನಾನು ಮಾತಾಡಬೇಕಾಗಿರುವುದು ಪ್ಯಾಟರ್ನ್ ಮಾಡುವವರ ಜೊತೆ, ಅಂದರೆ ನನ್ನ ಜೊತೆ, ನನ್ನ ಸಹಪಾಠಿಗಳ ಜೊತೆ. ಅಗ್ಗದ ಶರ್ಟಿನಲ್ಲೂ ಮಾರ್ಜಿನ್ ಇರಬೇಕು. ಅಲ್ಲಿಯೇ ಅದು ಹೆಚ್ಚು ಬೇಕು.

ಓದು ಮುಗಿದ ಮೇಲೆ ಏನು ಅಂತ ಎಲ್ಲರೂ ಕೇಳುತ್ತಾರೆ. ಸ್ವಂತ ಹೆಸರಿನ ಲೇಬಲ್, ರ‍್ಯಾಂಪ್ ಶೋ, ಇದೆಲ್ಲ ನನಗೂ ಒಂದು ಕಾಲದಲ್ಲಿ ಕನಸಾಗಿತ್ತು. ಈಗ ನನ್ನ ಆಸೆ ಬೇರೆ. ದೊಡ್ಡ ಕಂಪನಿಯೊಂದರ ಪ್ಯಾಟರ್ನ್ ಕೋಣೆಗೆ ಹೋಗಬೇಕು. ಸಣ್ಣ ಕಾರ್ಯಾಗಾರದಲ್ಲಿ ನಾನು ವರ್ಷಕ್ಕೆ ಬೆರಳೆಣಿಕೆಯ ಜಾಕೆಟ್ ಮಾಡಬಹುದು. ಆ ಕೋಣೆಯಲ್ಲಿ ಒಂದು ಸೆಂಟಿಮೀಟರ್‌ಗಾಗಿ ವಾದ ಮಾಡಿ ಗೆದ್ದರೆ ಅದು ಸಾವಿರಾರು ಬಟ್ಟೆಗಳ ಒಳಗೆ ಹೋಗಿ ಕೂರುತ್ತದೆ. ಅರ್ಜಿಯ ಜೊತೆ ಕಳಿಸುತ್ತಿರುವ ಪೋರ್ಟ್‌ಫೋಲಿಯೊದಲ್ಲಿ ಜಾಕೆಟ್‌ನ ಹೊರಗಿನ ಫೋಟೊ ಒಂದೇ ಇದೆ. ಮಿಕ್ಕಿದ್ದೆಲ್ಲ ಒಳಗಿನದು: ಮಾರ್ಜಿನ್, ಪಟ್ಟಿ, ಜೇಬಿನ ಹಿಂದಿನ ಅರ್ಧಚಂದ್ರ, ಬಟ್ಟೆಯ ಅಗಲದಲ್ಲಿ ತುಂಡುಗಳು ಕೂತಿರುವ ನಕ್ಷೆ.

ಸದ್ಯಕ್ಕೆ ಮೇಜಿನ ಮೇಲೆ ಇರುವುದು ಪ್ಯಾಂಟು. ಅದರಲ್ಲಿ ಎರಡು ಕಾಲು ಸೇರುವ ಜಾಗದ ತಿರುವನ್ನು ನೇರ ಮಾಡಲು ಬರುವುದಿಲ್ಲ. ಮಾಡಿದರೆ ಕೂರಲು ಆಗುವುದಿಲ್ಲ. ಹಿಂಬದಿಯ ಸೊಂಟದ ಹೊಲಿಗೆಯಲ್ಲಿ ಹೆಚ್ಚು ಬಟ್ಟೆ ಬಿಡುವುದು ದರ್ಜಿಗಳ ಹಳೆಯ ಪದ್ಧತಿ. ಅಲ್ಲಿಂದ ಶುರುಮಾಡು, ತಿರುವು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಮಾರ್ಜಿನ್ ಸಣ್ಣದು ಮಾಡುತ್ತಾ ಬಾ ಅಂತ ಅಕ್ಕ ಹೇಳಿದ್ದಾರೆ. ತೊಡೆಯ ನಡುವೆ ಒಂದು ಚೌಕ ತುಂಡು ಇಟ್ಟು ನೋಡಬೇಕು ಅಂತ ನನಗೆ ಆಸೆ. ಹಳೆಯ ಬೆಡ್‌ಶೀಟ್ ಮೇಲೆ ಎರಡನ್ನೂ ಕತ್ತರಿಸಿ ಇಟ್ಟಿದ್ದೇನೆ. ಮೊದಲು ಹೊಲಿಯುವುದು ಅಕ್ಕ ಹೇಳಿದ್ದನ್ನೇ.